ಆಂಪ್ ಮತ್ತು ಸ್ಪೀಕರ್ ಹೊಂದದಿದ್ದಾಗ: ಬ್ಯಾಂಡ್ ಸೌಂಡ್ ಸಿಸ್ಟಮ್‌ನ ದೋಷ ಹುಡುಕುವ ಬಗೆ

ಟಾಪ್ ಬಾಕ್ಸ್‌ನ ಟ್ವೀಟರ್, ಅಂದರೆ ಮೇಲಿನ ಸ್ವರಗಳ ಸಣ್ಣ ಸ್ಪೀಕರ್, ಸುಡುತ್ತದೆ. ಹೊಸ ಡಯಾಫ್ರಾಮ್ (ಅದರೊಳಗೆ ಅಲುಗಿ ಸದ್ದು ಮಾಡುವ ತೆಳು ಪೊರೆ) ಹಾಕಿಸುತ್ತಾರೆ. ಒಂದೆರಡು ಶೋ ಕಳೆಯುವಷ್ಟರಲ್ಲಿ ಅದೂ ಹೋಗುತ್ತದೆ. ಆಗ ಒಬ್ಬರು "ಆಂಪ್ ಪವರ್ ಜಾಸ್ತಿ ಆಯ್ತು" ಅನ್ನುತ್ತಾರೆ. ಇನ್ನೊಬ್ಬರು "ಇಲ್ಲ ಇಲ್ಲ, ಕಮ್ಮಿ ಆಯ್ತು, ಕ್ಲಿಪ್ ಆಗಿಯೇ ಸುಟ್ಟಿದ್ದು" ಅನ್ನುತ್ತಾರೆ. ಕ್ಲಿಪ್ ಅಂದರೆ ಆಂಪ್ ಅಥವಾ ಮಿಕ್ಸರ್ ತನ್ನ ಮಿತಿ ಮುಟ್ಟಿ ಸಿಗ್ನಲ್‌ನ ತುದಿ ಕತ್ತರಿಸುವುದು. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಆದರೆ ಡಬ್ಬದ ಮೇಲಿನ ವ್ಯಾಟ್ ನೋಡಿ ವಾದ ಮಾಡಿದರೆ ದೋಷ ಸಿಗುವುದಿಲ್ಲ. ಸ್ಪೀಕರ್ ಹಾಳಾಗುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ತಡೆಯಲಾರದಷ್ಟು ಬಿಸಿಯಾಗುತ್ತದೆ, ಇಲ್ಲವೇ ಕೋನ್ ತನ್ನ ಮಿತಿ ದಾಟಿ ಓಡಾಡುತ್ತದೆ. ಯಾವುದು ನಡೆದಿದೆ ಎಂದು ಬಿಚ್ಚಿ ನೋಡಿದರೆ ತಿಳಿಯುತ್ತದೆ. ಯಾಕೆ ನಡೆಯಿತು ಎನ್ನುವುದಕ್ಕೆ ಮೀಟರ್ ಬೇಕು.

ಒಂದು ಮಲ್ಟಿಮೀಟರ್, ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಚೆನ್ನಾಗಿದೆ ಎಂದು ಖಾತ್ರಿ ಇರುವ ಒಂದು ಕೇಬಲ್ ಮತ್ತು ಒಂದು ಬಾಕ್ಸ್. ಇಷ್ಟಿದ್ದರೆ ಇಲ್ಲಿ ಹೇಳುವ ಹೆಚ್ಚಿನ ಪರೀಕ್ಷೆ ಮಾಡಬಹುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಕೇಬಲ್, ಬಾಕ್ಸ್, ಚಾನೆಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸೌಂಡ್ ಬರಬಹುದು, ತಪ್ಪು ಯಾವುದರಲ್ಲಿತ್ತು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಲೇಬಲ್ ಓದುವಲ್ಲೇ ಅರ್ಧ ತಪ್ಪು

ಒಂದೇ ಸ್ಪೀಕರ್‌ಗೆ ಮೂರು ಅಂಕಿ ಇರುತ್ತವೆ. ಉದಾಹರಣೆಗೆ ಕಂಟಿನ್ಯುಯಸ್ (ಬಿಡದೆ ತಡೆಯಬಲ್ಲದ್ದು) 500, ಪ್ರೋಗ್ರಾಮ್ (ಏರಿಳಿಯುವ ಸಂಗೀತಕ್ಕೆ) 1000, ಪೀಕ್ (ಕ್ಷಣಮಾತ್ರಕ್ಕೆ) 2000 ವ್ಯಾಟ್. ಸಾಮಾನ್ಯವಾಗಿ ಪ್ರೋಗ್ರಾಮ್ ಅಂದರೆ ಕಂಟಿನ್ಯುಯಸ್‌ನ ಎರಡು ಪಟ್ಟು, ಪೀಕ್ ಅಂದರೆ ನಾಲ್ಕು ಪಟ್ಟು. ಮೂರೂ ಒಂದೇ ಬಾಕ್ಸ್‌ನ ಶಕ್ತಿಯನ್ನು ಮೂರು ರೀತಿಯಲ್ಲಿ ಹೇಳುತ್ತವೆ, ಅಷ್ಟೇ. ಮುಂದೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಪೀಕ್. ಅದು ಮಾರಾಟಕ್ಕೆ, ನಮ್ಮ ಲೆಕ್ಕಕ್ಕಲ್ಲ. ಹಿಂದೆ ಕನೆಕ್ಟರ್ ಪಕ್ಕದಲ್ಲಿ ಸಣ್ಣದಾಗಿ ಬರೆದಿರುವ ಕಂಟಿನ್ಯುಯಸ್ ಅಥವಾ ಆರ್‌ಎಂಎಸ್ ಅಂಕಿಯನ್ನು ಹಿಡಿಯಿರಿ.

ಆಂಪ್ ಕಡೆಯೂ ಇದೇ ಕಥೆ. ಡಬ್ಬದ ಮೇಲೆ 2400 ಎಂದಿದ್ದರೆ ಅದು ಬ್ರಿಡ್ಜ್ ಮಾಡಿದಾಗ (ಎರಡು ಚಾನೆಲ್ ಸೇರಿಸಿ ಒಂದಾಗಿ ಓಡಿಸಿದಾಗ) ಬರುವ ಅಂಕಿ ಇರಬಹುದು, ಇಲ್ಲವೇ 2 ಓಮ್ ಲೋಡ್‌ನಲ್ಲಿ (ಲೋಡ್ ಅಂದರೆ ಆಂಪ್‌ಗೆ ಸಿಕ್ಕಿಸಿದ ಸ್ಪೀಕರ್‌ಗಳು) ಎರಡೂ ಚಾನೆಲ್ ಸೇರಿಸಿದ್ದು ಇರಬಹುದು. ನಿಮಗೆ ಬೇಕಾದ್ದು ಒಂದೇ ಅಂಕಿ: ನಿಮ್ಮ ಲೋಡ್ ಎಷ್ಟು ಓಮ್ ಇದೆಯೋ ಅಷ್ಟು ಓಮ್‌ಗೆ ಒಂದು ಚಾನೆಲ್ ಎಷ್ಟು ವ್ಯಾಟ್ ಕೊಡುತ್ತದೆ.

ಅಲ್ಲಿಂದ ಮುಂದೆ ಲೆಕ್ಕ ಸುಲಭ. ಮಿಕ್ಸರ್ ಮುಂದೆ ಕಿವಿ ಇರುವವರು ಒಬ್ಬರು ಕೂತಿರುತ್ತಾರೆ, ಲಿಮಿಟರ್ (ಸಿಗ್ನಲ್ ಒಂದು ಮಿತಿ ದಾಟದಂತೆ ತಡೆಯುವ ಸಾಧನ) ಕೂಡ ಇದೆ ಎಂದರೆ ಕಂಟಿನ್ಯುಯಸ್‌ನ ಒಂದೂವರೆಯಿಂದ ಎರಡು ಪಟ್ಟಿನ ಆಂಪ್ ಹಾಕಬಹುದು. ಡ್ರಮ್ ಏಟಿನ ತುದಿಗಳು ಕತ್ತರಿಸದೆ ಹೋಗುವುದಕ್ಕೆ ಆ ಜಾಗ ಬೇಕು. ಯಾರೂ ನೋಡಿಕೊಳ್ಳುವುದಿಲ್ಲ, ಸಿಕ್ಕವರೆಲ್ಲ ಫೇಡರ್ ಏರಿಸುತ್ತಾರೆ ಎಂದರೆ ಕಂಟಿನ್ಯುಯಸ್‌ನಷ್ಟೇ ಇರಲಿ. ಡಿಸ್ಟಾರ್ಷನ್ ಗಿಟಾರ್ ತುಂಬಿದ ಸಂಗೀತಕ್ಕೂ, ಕಂಪ್ರೆಸ್ ಮಾಡಿದ ಟ್ರ್ಯಾಕ್ ಜೊತೆ ಹಾಡುವವರಿಗೂ ಇದೇ ಮಾತು. ಅಂಥ ಸಿಗ್ನಲ್‌ನಲ್ಲಿ ಏಟಿಗೂ ಏಟಿಗೂ ನಡುವೆ ಕಾಯಿಲ್‌ಗೆ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ.

ಲೋಡ್ ಅಳೆಯಿರಿ, ಊಹಿಸಬೇಡಿ

ಆಂಪ್ ಆಫ್ ಮಾಡಿ. ಸ್ಪೀಕರ್ ಕೇಬಲ್ಲನ್ನು ಆಂಪ್ ತುದಿಯಲ್ಲಿ ಬಿಚ್ಚಿ, ಅಲ್ಲಿಂದಲೇ ಓಮ್ ಅಳೆಯಿರಿ. ಹೀಗೆ ಮಾಡಿದರೆ ಕೇಬಲ್, ಕನೆಕ್ಟರ್, ಬಾಕ್ಸ್ ಮೂರೂ ಒಂದೇ ಸಲ ಪರೀಕ್ಷೆ ಆಗುತ್ತವೆ. 8 ಓಮ್ ಬಾಕ್ಸ್ ಮೀಟರ್‌ನಲ್ಲಿ ಸುಮಾರು 5.5ರಿಂದ 7ರವರೆಗೆ ತೋರಿಸುತ್ತದೆ. 4 ಓಮ್‌ನದು 3ರ ಆಸುಪಾಸು. 8 ಇಲ್ಲವಲ್ಲ ಎಂದು ಗಾಬರಿ ಬೇಡ. ಮೀಟರ್ ಹೇಳುವುದು ಕಾಯಿಲ್‌ನ ತಂತಿಯ ರೆಸಿಸ್ಟೆನ್ಸ್ ಮಾತ್ರ, ಲೇಬಲ್ ಹೇಳುವುದು ಸೌಂಡ್ ಹೋಗುವಾಗಿನ ಇಂಪಿಡೆನ್ಸ್. ಅಗ್ಗದ ಮೀಟರ್ ಆದರೆ ಮೊದಲು ಎರಡೂ ಕಡ್ಡಿ ಮುಟ್ಟಿಸಿ ನೋಡಿ, ಅಲ್ಲಿ ಬರುವ 0.3 ಅಥವಾ 0.5ನ್ನು ಕಳೆಯಿರಿ.

ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ಸೊನ್ನೆ ಹತ್ತಿರ ಬಂದರೆ ಶಾರ್ಟ್. ಕೇಬಲ್ ಅಲುಗಾಡಿಸಿದಾಗ ಅಂಕಿ ಕುಣಿದರೆ ಕನೆಕ್ಟರ್ ಬಿಚ್ಚಿ. ಸ್ಕ್ರೂ ಕೆಳಗೆ ಸೇರದೆ ಹೊರಗೆ ಉಳಿದ ಒಂದೇ ಒಂದು ಎಳೆ ತಂತಿ ಪಕ್ಕದ ಪಿನ್ ಮುಟ್ಟುತ್ತಿರುತ್ತದೆ, ಬಹಳ ಸಲ ಕಾಣುವುದು ಇದೇ.

ಇಲ್ಲಿ ಒಂದು ಎಚ್ಚರ. ಪ್ಯಾಸಿವ್ ಬಾಕ್ಸ್‌ನಲ್ಲಿ (ಒಳಗೆ ಆಂಪ್ ಇಲ್ಲದ್ದು) ಮೀಟರ್‌ಗೆ ಕಾಣುವುದು ವೂಫರ್, ಅಂದರೆ ಬೇಸ್ ನುಡಿಸುವ ದೊಡ್ಡ ಸ್ಪೀಕರ್ ಮಾತ್ರ. ಟ್ವೀಟರ್ ಕೆಪಾಸಿಟರ್ ಹಿಂದೆ ಕೂತಿರುತ್ತದೆ, ಮೀಟರ್ ಕಳಿಸುವ ಡಿಸಿ (ಒಂದೇ ದಿಕ್ಕಿನ ಕರೆಂಟ್) ಅದನ್ನು ದಾಟುವುದಿಲ್ಲ. ಹಾಗಾಗಿ ಟ್ವೀಟರ್ ಪೂರ್ತಿ ಸತ್ತಿದ್ದರೂ ಮೀಟರ್ ಆರಾಮಾಗಿ 6 ಓಮ್ ತೋರಿಸುತ್ತದೆ. ಟ್ವೀಟರ್ ನೋಡಬೇಕಾದರೆ ಬಾಕ್ಸ್ ತೆರೆದು, ಅದರ ಒಂದು ತಂತಿ ಬಿಡಿಸಿ ಅಳೆಯಬೇಕು.

ಬಾಕ್ಸ್‌ನಿಂದ ಬಾಕ್ಸ್‌ಗೆ ಎಳೆದರೆ ಲೋಡ್ ಇಳಿಯುತ್ತದೆ. 8 ಓಮ್‌ನವು ಎರಡಾದರೆ 4, ಮೂರಾದರೆ 2.67, ನಾಲ್ಕಾದರೆ 2. ಆಂಪ್ 4 ಓಮ್‌ವರೆಗೆ ಮಾತ್ರ ಎಂದಿದ್ದರೆ ಮೂರನೇ ಬಾಕ್ಸ್ ಸಿಕ್ಕಿಸುವಂತಿಲ್ಲ. ಸೌಂಡ್ ಚೆಕ್‌ನಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ. ತೊಂದರೆ ಬರುವುದು ಜನ ತುಂಬಿ, ವಾಲ್ಯೂಮ್ ಏರಿದ ಮೇಲೆ.

ಆಂಪ್ ಪ್ರೊಟೆಕ್ಟ್‌ಗೆ ಹೋಗುತ್ತಿದೆ

ಪ್ರೊಟೆಕ್ಟ್ ಅಂದರೆ ಆಂಪ್ ಅಪಾಯ ಕಂಡು ತಾನೇ ಔಟ್‌ಪುಟ್ ನಿಲ್ಲಿಸಿ ಕೆಂಪು ಲೈಟ್ ಹತ್ತಿಸುವುದು. ಯಾವಾಗ ಹೋಗುತ್ತದೆ ಅನ್ನುವುದನ್ನು ಮೊದಲು ಗಮನಿಸಿ.

ಆನ್ ಮಾಡಿದ ಕೂಡಲೇ ಹೋಗಿ ಅಲ್ಲೇ ನಿಂತರೆ, ಸ್ಪೀಕರ್ ಕೇಬಲ್ ಎಲ್ಲ ಕಿತ್ತು ಮತ್ತೆ ಆನ್ ಮಾಡಿ. ಆಗಲೂ ಕೆಂಪು ಲೈಟ್ ಇದ್ದರೆ ದೋಷ ಆಂಪ್ ಒಳಗೆ. ಹಾಗೆ ಪ್ರೊಟೆಕ್ಟ್‌ಗೆ ಹೋಗುವುದು ಒಳ್ಳೆಯದೇ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ, ಪ್ರೊಟೆಕ್ಷನ್ ಕೂಡ ಕೆಲಸ ಮಾಡದಿದ್ದರೆ ಡಿಸಿ ನೇರವಾಗಿ ವೂಫರ್‌ಗೆ ಹೋಗುತ್ತದೆ. ಕೋನ್ ಒಂದೇ ಕಡೆಗೆ ತಳ್ಳಿಕೊಂಡು ನಿಲ್ಲುತ್ತದೆ, ಕೆಲವೇ ಸೆಕೆಂಡಿನಲ್ಲಿ ಕಾಯಿಲ್ ಸುಡುತ್ತದೆ. ಅನುಮಾನ ಇರುವ ಆಂಪ್‌ಗೆ ಒಳ್ಳೆಯ ಬಾಕ್ಸ್ ಸಿಕ್ಕಿಸಿ "ನೋಡೋಣ" ಅನ್ನುವ ಕೆಲಸ ಬೇಡ. ಬರಿದಾದ ಔಟ್‌ಪುಟ್‌ನಲ್ಲಿ ಮೀಟರ್ ಇಟ್ಟು ಡಿಸಿ ನೋಡಿ. ಕೆಲವು ಮಿಲಿವೋಲ್ಟ್ ಇದ್ದರೆ ಸರಿ. ವೋಲ್ಟ್‌ಗಳ ಲೆಕ್ಕದಲ್ಲಿದ್ದರೆ ಆ ಚಾನೆಲ್ ರಿಪೇರಿಗೆ.

ಜೋರು ಏಟಿಗೆ ಮಾತ್ರ ಕಟ್ ಆಗಿ ಮತ್ತೆ ಬಂದರೆ ಲೋಡ್ ಕಡಿಮೆ ಓಮ್‌ಗೆ ಇಳಿದಿದೆ, ಇಲ್ಲವೇ ಕೇಬಲ್ ಆಗಾಗ ಶಾರ್ಟ್ ಆಗುತ್ತಿದೆ. ಮೇಲೆ ಹೇಳಿದ ಓಮ್ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ.

ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಹೋದರೆ ಬಿಸಿ. ಫ್ಯಾನ್ ತಿರುಗುತ್ತಿದೆಯಾ, ಮುಂದಿನ ಸ್ಪಂಜಿನ ಫಿಲ್ಟರ್‌ನಲ್ಲಿ ಧೂಳು ಕಟ್ಟಿದೆಯಾ, ರ‍್ಯಾಕ್‌ನ ಹಿಂದಿನ ಬಾಗಿಲು ಮುಚ್ಚಿದ್ದಾರಾ ನೋಡಿ. ಇವೆಲ್ಲ ಸರಿಯಿದ್ದೂ ಬಿಸಿಯಾದರೆ ಮತ್ತೆ ಲೋಡ್‌ಗೇ ಬನ್ನಿ. 2 ಓಮ್ ಓಡಿಸಬಲ್ಲೆ ಎಂದು ಬರೆದುಕೊಂಡಿರುವ ಆಂಪ್‌ಗಳೂ ಗಂಟೆಗಟ್ಟಲೆ 2 ಓಮ್‌ನಲ್ಲಿ ಸುಖವಾಗಿರುವುದಿಲ್ಲ. ನನ್ನ ಮಟ್ಟಿಗೆ ಚಾನೆಲ್‌ಗೆ 4 ಓಮ್ ಸಾಕು. ಇನ್ನೂ ಬಾಕ್ಸ್ ಬೇಕೆಂದರೆ ಇನ್ನೊಂದು ಆಂಪ್ ಬೇಕು.

ಬ್ರಿಡ್ಜ್ ಬಗ್ಗೆ ಒಂದು ಮಾತು. ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್‌ಗೂ ಅರ್ಧ ಲೋಡ್ ಕಾಣುತ್ತದೆ. 8 ಓಮ್ ಬಾಕ್ಸ್ ಸಿಕ್ಕಿಸಿದರೆ ಒಳಗೆ ಪ್ರತಿ ಚಾನೆಲ್ 4 ಓಮ್ ಓಡಿಸುತ್ತಿರುತ್ತದೆ. ಅದಕ್ಕೇ 4 ಓಮ್ ಮಿತಿಯ ಆಂಪ್ ಬ್ರಿಡ್ಜ್‌ನಲ್ಲಿ 8 ಓಮ್‌ಗಿಂತ ಕೆಳಗೆ ಇಳಿಯಬಾರದು. ಹಿಂದಿನ ಮೋಡ್ ಸ್ವಿಚ್ ಹೋದ ಶೋನಲ್ಲಿ ಬ್ರಿಡ್ಜ್‌ನಲ್ಲೇ ಉಳಿದಿರಬಹುದು. ಹಾಗೆ ಉಳಿದಿದ್ದರೆ ಒಂದು ಇನ್‌ಪುಟ್ಟಿನ ಸಿಗ್ನಲ್ ಎರಡೂ ಕಡೆ ಬರುತ್ತದೆ, ಒಂದು ಕಡೆ ಪೊಲಾರಿಟಿ (ಪ್ಲಸ್-ಮೈನಸ್) ಉಲ್ಟಾ ಆಗಿ. ಕೇಳುವವರಿಗೆ "ಸೌಂಡ್ ಇದೆ, ಬೇಸ್ ಇಲ್ಲ" ಅನಿಸುತ್ತದೆ.

ಟ್ವೀಟರ್ ಪದೇಪದೇ ಸುಡುತ್ತಿದೆ

ಬ್ಯಾಂಡ್‌ಗಳಲ್ಲಿ ಜಾಸ್ತಿ ಬರುವ ದೂರು ಇದೇ, ಜಾಸ್ತಿ ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ.

ಕಡಿಮೆ ಪವರ್‌ನಿಂದ ಯಾವ ಸ್ಪೀಕರೂ ಸುಡುವುದಿಲ್ಲ. ಮನೆಯಲ್ಲಿ ಮೆಲ್ಲಗೆ ಹಾಡು ಹಾಕಿದರೆ 500 ವ್ಯಾಟ್ ಬಾಕ್ಸ್‌ಗೆ ಒಂದೇ ವ್ಯಾಟ್ ಹೋಗುತ್ತಿರಬಹುದು, ಅದಕ್ಕೇನೂ ಆಗುವುದಿಲ್ಲ ಅಲ್ವಾ? ಸುಡಿಸುವುದು ಚಿಕ್ಕ ಆಂಪನ್ನು ಮೈಮುರಿದು ದುಡಿಸುವ ರೀತಿ. ಆಂಪ್ ತನ್ನ ಮಿತಿ ತಲುಪಿದ ಮೇಲೂ ಫೇಡರ್ ಏರಿಸಿದರೆ ಸಿಗ್ನಲ್‌ನ ತಲೆ ಚಪ್ಪಟೆ ಆಗುತ್ತದೆ. ಏಟಿನ ತುದಿ ಮೇಲೆ ಹೋಗಲಾರದು, ಆದರೆ ತುದಿಗಳ ನಡುವಿನ ಸದ್ದು ಏರುತ್ತಲೇ ಇರುತ್ತದೆ. ಅಂದರೆ ಸರಾಸರಿ ಪವರ್ ಜಾಸ್ತಿ. 400 ವ್ಯಾಟ್ ಆಂಪನ್ನು ಪೂರ್ತಿ ಸ್ಕ್ವೇರ್ ವೇವ್ ಆಗುವಷ್ಟು ತಳ್ಳಿದರೆ, ಪವರ್ ಸಪ್ಲೈ ತಡೆದುಕೊಂಡರೆ, 800 ವ್ಯಾಟ್‌ವರೆಗೂ ಕೊಡಬಲ್ಲದು. ಜೊತೆಗೆ ಬೇಸ್ ಗಿಟಾರ್ ಕ್ಲಿಪ್ ಆದಾಗ ಹುಟ್ಟುವ ಹಾರ್ಮೋನಿಕ್‌ಗಳು (ಮೂಲ ಸ್ವರಕ್ಕಿಂತ ಮೇಲಿನ ಸ್ವರಗಳು) ಕ್ರಾಸ್‌ಓವರ್ (ಮೇಲಿನ, ಕೆಳಗಿನ ಸ್ವರಗಳನ್ನು ಬೇರೆ ಮಾಡುವ ಸರ್ಕ್ಯೂಟ್) ದಾಟಿ ಟ್ವೀಟರ್‌ಗೆ ಹೋಗುತ್ತವೆ. 500 ವ್ಯಾಟ್ ಎಂದು ಬರೆದ ಬಾಕ್ಸ್‌ನಲ್ಲೂ ಮೇಲಿನ ಡ್ರೈವರ್ ತಡೆಯುವುದು ಅದರ ಸಣ್ಣ ಭಾಗ ಮಾತ್ರ. ಮಾಮೂಲಿ ಸಂಗೀತದಲ್ಲಿ ಮೇಲಿನ ಸ್ವರಗಳ ಪವರ್ ಕಡಿಮೆ ಎಂಬ ನಂಬಿಕೆಯ ಮೇಲೆ ಆ ಬಾಕ್ಸ್ ಕಟ್ಟಿರುತ್ತಾರೆ.

ಹಳೆಯ ಡಯಾಫ್ರಾಮನ್ನು ಬಿಸಾಡುವ ಮೊದಲು ಬೆಳಕಿಗೆ ಹಿಡಿದು ನೋಡಿ. ಕಾಯಿಲ್ ಕಪ್ಪಾಗಿ, ಸುರುಳಿಗಳು ಸಡಿಲವಾಗಿ, ಸುಟ್ಟ ವಾರ್ನಿಷ್ ವಾಸನೆ ಇದ್ದರೆ ಬಿಸಿಯಿಂದ ಹೋಗಿದೆ. ಕ್ಲಿಪ್ಪಿಂಗ್, ಉದ್ದದ ಫೀಡ್‌ಬ್ಯಾಕ್, ಅತಿಯಾಗಿ ಏರಿಸಿದ ಟ್ರೆಬಲ್ ಇವುಗಳಲ್ಲಿ ಒಂದು ಕಾರಣ. ಕಾಯಿಲ್ ಹೊಸದರ ಹಾಗೆ ಹೊಳೆಯುತ್ತಿದ್ದು, ಅದರಿಂದ ಹೊರಬರುವ ಸಣ್ಣ ತಂತಿ ಮಾತ್ರ ತುಂಡಾಗಿದ್ದರೆ ಅಥವಾ ಗುಮ್ಮಟ ಬಿರುಕು ಬಿಟ್ಟಿದ್ದರೆ ಕಾರಣ ಬೇರೆ. ಡಯಾಫ್ರಾಮ್ ಅತಿಯಾಗಿ ಅಲುಗಾಡಿದೆ, ಅಂದರೆ ಕೆಳಗಿನ ಸ್ವರಗಳು ಅಲ್ಲಿಗೆ ತಲುಪಿವೆ. ಆಕ್ಟಿವ್ ಕ್ರಾಸ್‌ಓವರ್ (ಆಂಪ್‌ಗಿಂತ ಮೊದಲೇ ಸ್ವರ ಬೇರೆ ಮಾಡುವುದು) ಇಟ್ಟು ಬೇಸ್‌ಗೆ ಒಂದು ಆಂಪ್, ಮೇಲಿನ ಸ್ವರಗಳ ಹಾರ್ನ್‌ಗೆ ಒಂದು ಆಂಪ್ ಓಡಿಸುವವರಲ್ಲಿ ಕೇಬಲ್ ಅದಲುಬದಲಾದರೆ ಮೊದಲ ಕಿಕ್ ಡ್ರಮ್ ಏಟಿಗೇ ಹೀಗಾಗುತ್ತದೆ. ಕ್ರಾಸ್‌ಓವರ್ ಫ್ರೀಕ್ವೆನ್ಸಿ ತಪ್ಪಿ ಕೆಳಗಿಟ್ಟಿದ್ದರೂ ಅಷ್ಟೇ. ಇಂಥ ಸೆಟಪ್‌ನಲ್ಲಿ ಹಾರ್ನ್ ಡ್ರೈವರ್‌ಗೆ ಸರಣಿಯಲ್ಲಿ ಒಂದು ಕೆಪಾಸಿಟರ್ ಹಾಕುವುದು ಜಾಣತನ. ಡ್ರೈವರ್ 8 ಓಮ್, ಕ್ರಾಸ್‌ಓವರ್ 1600 ಹರ್ಟ್ಜ್ ಆದರೆ ಸುಮಾರು 25 ಮೈಕ್ರೋಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಸರಿಹೋಗುತ್ತದೆ. ಅದು 800 ಹರ್ಟ್ಜ್ ಆಸುಪಾಸಿನಿಂದ ಕೆಳಗಿನದನ್ನು ತಡೆಯುತ್ತಾ ಹೋಗುತ್ತದೆ. ಆನ್ ಮಾಡುವಾಗಿನ "ಧಬ್" ಸದ್ದು, ಡಿಸಿ ಎರಡರಿಂದಲೂ ರಕ್ಷಣೆ.

ಬಿಸಿಯಿಂದ ಹೋಗಿದೆ ಎಂದು ಖಾತ್ರಿಯಾದರೆ ಮುಂದಿನ ಪ್ರಶ್ನೆ: ಮೊದಲು ಕ್ಲಿಪ್ ಆಗುವುದು ಎಲ್ಲಿ? ಆಂಪ್‌ನ ಕ್ಲಿಪ್ ಲೈಟ್ ಒಂದನ್ನೇ ನೋಡಿ ನೆಮ್ಮದಿಯಾಗಿರುವವರು ತುಂಬಾ ಜನ. "ಸ್ಪೀಕರ್ ಉಳಿಯಲಿ" ಎಂದು ಆಂಪ್‌ನ ನಾಬ್ ಅರ್ಧಕ್ಕೆ ಇಳಿಸಿರುತ್ತಾರೆ. ಸೌಂಡ್ ಸಾಲದು ಎಂದು ಮಿಕ್ಸರ್ ಪೂರ್ತಿ ಏರಿಸುತ್ತಾರೆ. ಈಗ ಮಿಕ್ಸರ್‌ನಲ್ಲೇ ತಲೆ ಚಪ್ಪಟೆಯಾದ ಸಿಗ್ನಲ್ ಹೊರಡುತ್ತದೆ. ಆಂಪ್ ಅದನ್ನು ಪ್ರಾಮಾಣಿಕವಾಗಿ ದೊಡ್ಡದು ಮಾಡಿ ಕಳಿಸುತ್ತದೆ, ಅದರ ಕೆಂಪು ಲೈಟ್ ಹತ್ತುವುದೇ ಇಲ್ಲ. ಆ ನಾಬ್ ಇನ್‌ಪುಟ್ಟನ್ನು ಕಡಿಮೆ ಮಾಡುತ್ತದೆಯೇ ಹೊರತು ಆಂಪ್‌ನ ಗರಿಷ್ಠ ಪವರನ್ನು ಕಡಿಮೆ ಮಾಡುವುದಿಲ್ಲ. ಹಿಂದಿನಿಂದ ಸಾಕಷ್ಟು ತಳ್ಳಿದರೆ ಅರ್ಧ ನಾಬ್‌ನಲ್ಲೂ ಪೂರ್ತಿ ವ್ಯಾಟ್ ಹೊರಗೆ ಬರುತ್ತದೆ.

ಹುಡುಕುವುದು ಹೀಗೆ. ಹಾಡಿಸುತ್ತಾ ಮೈಕ್ ಚಾನೆಲ್‌ನ ಪೀಕ್ ಲೈಟ್, ಗ್ರೂಪ್, ಮೇನ್ ಔಟ್, ಈಕ್ವಲೈಸರ್, ಕ್ರಾಸ್‌ಓವರ್, ಆಂಪ್ ಈ ಸಾಲಿನಲ್ಲಿ ಒಂದೊಂದಾಗಿ ನೋಡಿ. ಕೆಂಪು ಮೊದಲು ಹತ್ತಬೇಕಾದ್ದು ಆಂಪ್‌ನಲ್ಲಿ. ಅದಕ್ಕಿಂತ ಹಿಂದೆ ಎಲ್ಲಿ ಹತ್ತಿದರೂ ಅಲ್ಲಿ ಇಳಿಸಿ, ಮುಂದಿನದರಲ್ಲಿ ಏರಿಸಿ. ಆಂಪ್‌ನ ಲೈಟ್ ಡ್ರಮ್ ಏಟಿಗೆ ಒಮ್ಮೊಮ್ಮೆ ಮಿಣುಕ್ ಅಂದರೆ ಪರವಾಗಿಲ್ಲ. ಹಾಡಿನುದ್ದಕ್ಕೂ ಹತ್ತಿಕೊಂಡೇ ಇದ್ದರೆ ಆ ಸಿಸ್ಟಮ್ ಆ ಜಾಗಕ್ಕೆ ಸಾಲುತ್ತಿಲ್ಲ.

ಟ್ರೆಬಲ್ ಮಾಯವಾಗಿ ಮತ್ತೆ ಬರುತ್ತದೆ

ಇದನ್ನು ಸುಟ್ಟಿದ್ದು ಎಂದುಕೊಳ್ಳಬೇಡಿ. ಎಷ್ಟೋ ಪ್ಯಾಸಿವ್ ಬಾಕ್ಸ್‌ಗಳಲ್ಲಿ ಟ್ವೀಟರ್ ಸರ್ಕ್ಯೂಟ್‌ನಲ್ಲಿ ಒಂದು ಸಣ್ಣ ಬಲ್ಬ್ ಇರುತ್ತದೆ. ಪವರ್ ಜಾಸ್ತಿಯಾದಾಗ ಅದು ಉರಿದು, ಹೆಚ್ಚುವರಿಯನ್ನು ತಾನು ನುಂಗುತ್ತದೆ. ಕತ್ತಲಲ್ಲಿ ಬಾಕ್ಸ್‌ನ ತೂತಿನೊಳಗೆ ಹಾಡಿನ ತಾಳಕ್ಕೆ ಬೆಳಕು ಮಿನುಗಿದರೆ ಅದು ಬೆಂಕಿಯಲ್ಲ, ಈ ಬಲ್ಬು. ಇನ್ನು ಕೆಲವಲ್ಲಿ ಪಾಲಿಸ್ವಿಚ್ ಇರುತ್ತದೆ. ಅದು ಬಿಸಿಯಾಗಿ ದಾರಿ ಮುಚ್ಚುತ್ತದೆ, ಸ್ವಲ್ಪ ಹೊತ್ತು ಸದ್ದು ಇಳಿಸಿದರೆ ತಣ್ಣಗಾಗಿ ಮತ್ತೆ ಬಿಡುತ್ತದೆ. ಎರಡೂ "ತಡೆಯಲಾರೆ" ಅನ್ನುವ ಸೂಚನೆಗಳು. ಬಲ್ಬ್ ಪದೇಪದೇ ಹೋಗುತ್ತದೆ ಎಂದು ಅದರ ಜಾಗಕ್ಕೆ ತಂತಿ ಬೆಸುಗೆ ಹಾಕುವವರಿದ್ದಾರೆ. ಮುಂದಿನ ಸಲ ಡಯಾಫ್ರಾಮೇ ಬಲ್ಬ್ ಆಗುತ್ತದೆ.

ಒಟ್ಟಾರೆ ಸದ್ದೇ ಮೆಲ್ಲಗೆ ಕುಗ್ಗುತ್ತಾ ಹೋದರೆ ಅದು ಕಾಯಿಲ್ ಬಿಸಿ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39% ಏರುತ್ತದೆ. ಕಾಯಿಲ್ 150 ಡಿಗ್ರಿ ಬಿಸಿ ಏರಿದರೆ ರೆಸಿಸ್ಟೆನ್ಸ್ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಆಂಪ್‌ನಿಂದ ಎಳೆಯುವ ಪವರ್ ಅಷ್ಟು ಕಡಿಮೆ. ಆಗ ಫೇಡರ್ ಏರಿಸಿದರೆ ಬರುವುದು ಸದ್ದಲ್ಲ, ಇನ್ನಷ್ಟು ಬಿಸಿ.

ವೂಫರ್ ಕೆರೆಯುತ್ತದೆ, ಬೇಸ್ ಬರುವುದಿಲ್ಲ

ವೂಫರ್ ಮುಂದೆ ಕೂತು, ಎರಡೂ ಕೈಯ ಬೆರಳುಗಳನ್ನು ನಡುವಿನ ಕ್ಯಾಪ್ ಸುತ್ತ ಸಮನಾಗಿ ಇಟ್ಟು ಕೋನನ್ನು ಮೆಲ್ಲಗೆ ಒಳಗೆ ಒತ್ತಿ, ಬಿಡಿ. ಓರೆಯಾಗಿ ಒತ್ತಿದರೆ ಚೆನ್ನಾಗಿರುವುದೂ ಕೆರೆಯುತ್ತದೆ, ಹಾಗಾಗಿ ಸಮ ಒತ್ತಡ ಮುಖ್ಯ. ನುಣುಪಾಗಿ ಹೋಗಿ ಬಂದರೆ ಸರಿ. ಮರಳು ಉಜ್ಜಿದ ಹಾಗೆ ಬೆರಳಿಗೆ ತಗಲಿದರೆ ಕಾಯಿಲ್ ಬಿಸಿಗೆ ಉಬ್ಬಿ ಮ್ಯಾಗ್ನೆಟ್ ಗೋಡೆಗೆ ತಾಗುತ್ತಿದೆ. ಕೋನ್ ಹರಿದಿದ್ದರೆ ಅಥವಾ ಅಂಚಿನ ಮಡಿಕೆ ಬಿಟ್ಟಿದ್ದರೆ ಅದು ಮಿತಿ ಮೀರಿ ಓಡಾಡಿದೆ.

ಓಡಾಟದ ತೊಂದರೆಗೆ ಮುಖ್ಯ ಕಾರಣ ಹೈ ಪಾಸ್ (ತೀರಾ ಕೆಳಗಿನ ಸ್ವರ ತಡೆಯುವ ಫಿಲ್ಟರ್) ಇಲ್ಲದಿರುವುದು. ತೂತಿರುವ ಬೇಸ್ ಬಾಕ್ಸ್‌ನಲ್ಲಿ ಒಂದು ಫ್ರೀಕ್ವೆನ್ಸಿಗಿಂತ ಕೆಳಗೆ ಹೋದರೆ ಕೋನ್‌ಗೆ ಗಾಳಿಯ ಹಿಡಿತ ತಪ್ಪುತ್ತದೆ. ಸದ್ದು ಬರುವುದಿಲ್ಲ, ಕೋನ್ ಮಾತ್ರ ಹುಚ್ಚೆದ್ದು ಅಲುಗುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಕೆಳಗಿನ ಸ್ವರ 41 ಹರ್ಟ್ಜ್, ಐದು ತಂತಿಯದು 31. ಅದಕ್ಕಿಂತ ಕೆಳಗೆ ಇರುವುದು ಹೆಚ್ಚಾಗಿ ಮೈಕ್ ಬಿದ್ದ ಸದ್ದು, ಸ್ಟೇಜ್ ಮೇಲೆ ಕಾಲಿಟ್ಟ ಸದ್ದು. 30ರಿಂದ 35 ಹರ್ಟ್ಜ್‌ನಲ್ಲಿ ಹೈ ಪಾಸ್ ಹಾಕಿದರೆ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ.

ಎರಡು ಬೇಸ್ ಬಾಕ್ಸ್ ಇದ್ದೂ ಬೇಸ್ ಇಲ್ಲ ಎಂದರೆ ಪೊಲಾರಿಟಿ ನೋಡಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದನ್ನು ಕಿತ್ತು ಕೇಳಿ. ಒಂದೇ ಇದ್ದಾಗ ಬೇಸ್ ಜಾಸ್ತಿ ಕೇಳಿದರೆ ಇನ್ನೊಂದು ಉಲ್ಟಾ ಇದೆ. ಬಾಕ್ಸ್‌ನಲ್ಲೋ ಕೇಬಲ್‌ನಲ್ಲೋ ಎಂದು ತಿಳಿಯಲು ವೂಫರ್‌ಗೆ ನೇರವಾಗಿ 1.5 ವೋಲ್ಟ್ ಸೆಲ್ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಕೋನ್ ಹೊರಗೆ ಬರಬೇಕು.

ಕ್ಲಿಪ್ ಇಲ್ಲ, ಆದರೂ ಸದ್ದು ಸಾಲದು

ದೊಡ್ಡ ಆಂಪ್ ತರುವ ಮೊದಲು ಈ ಲೆಕ್ಕ ನೋಡಿ. ಪವರ್ ದುಪ್ಪಟ್ಟು ಮಾಡಿದರೆ ಸಿಗುವುದು 3 ಡಿಬಿ (ಡೆಸಿಬೆಲ್, ಸದ್ದಿನ ಅಳತೆ), ಕಿವಿಗೆ "ಸ್ವಲ್ಪ ಏರಿತು" ಅನಿಸುವಷ್ಟು. ಅದೇ 92 ಡಿಬಿ ಸೆನ್ಸಿಟಿವಿಟಿಯ (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಕೊಡುವ ಸದ್ದು) ಬಾಕ್ಸ್ ಬದಲು 98 ಡಿಬಿಯದನ್ನು ಇಟ್ಟರೆ ಅದೇ ಆಂಪ್‌ನಿಂದ ನಾಲ್ಕು ಪಟ್ಟು ಪವರ್ ಕೊಟ್ಟಷ್ಟು ಸದ್ದು. ಸದ್ದು ಸಾಲದಿದ್ದಾಗ ನಾನು ಬಾಕ್ಸ್ ಕಡೆ ನೋಡುತ್ತೇನೆ, ಆಂಪ್ ಕಡೆ ಅಲ್ಲ.

ಕೇಬಲ್ ಕೂಡ ತಿನ್ನುತ್ತದೆ. 20 ಮೀಟರ್ ಉದ್ದದ 1 ಚದರ ಮಿಲಿಮೀಟರ್ ತಂತಿ ಹೋಗಿ ಬರುವಾಗ ಸುಮಾರು 0.7 ಓಮ್. 4 ಓಮ್ ಲೋಡ್‌ನಲ್ಲಿ ಇದು 1.4 ಡಿಬಿ ನಷ್ಟ. 2.5 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.6ಕ್ಕೆ ಇಳಿಯುತ್ತದೆ. ಗಿಟಾರ್ ಕೇಬಲ್ಲನ್ನು ಸ್ಪೀಕರ್‌ಗೆ ಬಳಸುವವರಿಗೆ ನಷ್ಟದ ಲೆಕ್ಕವೇ ಬೇಡ, ಅದು ಬಿಸಿಯಾಗಿ ಶಾರ್ಟ್ ಆಗುವ ಕೇಬಲ್.

ಕರೆಂಟ್ ಕಡೆಯೂ ಒಮ್ಮೆ ನೋಡಿ. ಹಳೆಯ ಮಾದರಿಯ, ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಆಂಪ್‌ಗಳಲ್ಲಿ ಮೇನ್ಸ್ ವೋಲ್ಟೇಜ್ 10% ಇಳಿದರೆ ಗರಿಷ್ಠ ಪವರ್ ಸುಮಾರು 19% ಇಳಿಯುತ್ತದೆ. ಮೊನ್ನೆ ಕ್ಲಿಪ್ ಆಗದ ಸಿಸ್ಟಮ್ ಇವತ್ತು ಅದೇ ಸೆಟ್ಟಿಂಗ್‌ನಲ್ಲಿ ಕ್ಲಿಪ್ ಆಗುತ್ತಿದ್ದರೆ ಮಿಕ್ಸರ್ ಮುಟ್ಟುವ ಮೊದಲು ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿ ಮೀಟರ್ ಇಡಿ, ಜೋರು ಹಾಡು ನಡೆಯುವಾಗಲೇ.

ಲಿಮಿಟರ್ ಕೂರಿಸುವುದು

ದೋಷ ಸರಿ ಮಾಡಿದ ಮೇಲೆ ಮತ್ತೆ ಬಾರದಿರಲು ಲಿಮಿಟರನ್ನು ವೋಲ್ಟ್ ಲೆಕ್ಕದಲ್ಲಿ ಇಡಿ. ವ್ಯಾಟನ್ನು ಓಮ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 500 ವ್ಯಾಟ್, 8 ಓಮ್ ಆದರೆ 4000, ಅದರ ವರ್ಗಮೂಲ 63 ವೋಲ್ಟ್. ಆಂಪ್‌ನ ಗೇನ್ (ವೋಲ್ಟೇಜನ್ನು ಎಷ್ಟು ದೊಡ್ಡದು ಮಾಡುತ್ತದೆ ಅನ್ನುವುದು) 32 ಪಟ್ಟು ಇದ್ದರೆ ಇನ್‌ಪುಟ್‌ನಲ್ಲಿ 2 ವೋಲ್ಟ್, ಅಂದರೆ +8 ಡಿಬಿಯು (ಸೌಂಡ್ ಸಾಧನಗಳಲ್ಲಿ ವೋಲ್ಟೇಜ್ ಹೇಳುವ ಅಳತೆ) ಆಸುಪಾಸು. ಹಿಂದಿನ ಸೆನ್ಸಿಟಿವಿಟಿ ಸ್ವಿಚ್ ನೋಡಿಕೊಳ್ಳಿ. 26 ಡಿಬಿ ಮತ್ತು 32 ಡಿಬಿ ಗೇನ್‌ಗೆ ಎರಡು ಪಟ್ಟು ವೋಲ್ಟೇಜ್ ವ್ಯತ್ಯಾಸ ಇದೆ. ಆ ಸ್ವಿಚ್ಚನ್ನು 0.775 ವೋಲ್ಟ್‌ಗೆ, ಅಂದರೆ ಅಷ್ಟು ಇನ್‌ಪುಟ್‌ಗೇ ಪೂರ್ತಿ ಪವರ್ ಬರುವಂತೆ, ಇಟ್ಟರೆ ಪ್ರತಿ ಆಂಪ್‌ನ ಗೇನ್ ಅದರದರ ಪವರ್‌ಗೆ ತಕ್ಕಂತೆ ಬೇರೆಬೇರೆ. ಬೇರೆಬೇರೆ ಆಂಪ್ ಒಂದೇ ರ‍್ಯಾಕ್‌ನಲ್ಲಿ ಇಟ್ಟವರ ತಲೆನೋವು ಶುರುವಾಗುವುದು ಇಲ್ಲಿಂದ.

ಲಿಮಿಟರ್ ನಿಜವಾಗಿ ಹಿಡಿಯುತ್ತಿದೆಯಾ ಎಂದು ನೋಡಲು ಸ್ಪೀಕರ್ ಕೇಬಲ್ ಎಲ್ಲ ಕಿತ್ತಿಡಿ. ಬೇಸ್ ಚಾನೆಲ್ ಆದರೆ 60 ಹರ್ಟ್ಜ್, ಟಾಪ್ ಆದರೆ 200 ಅಥವಾ 300 ಹರ್ಟ್ಜ್‌ನ ಸೈನ್ ಟೋನ್ ಹಾಕಿ. ಔಟ್‌ಪುಟ್‌ನಲ್ಲಿ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ನಿಧಾನವಾಗಿ ಏರಿಸಿ. 63ರ ಹತ್ತಿರ ಲಿಮಿಟರ್ ಲೈಟ್ ಹತ್ತಬೇಕು, ಆಮೇಲೆ ಎಷ್ಟು ತಳ್ಳಿದರೂ ಅಂಕಿ ಅಲ್ಲೇ ನಿಲ್ಲಬೇಕು. ಏರುತ್ತಾ ಹೋದರೆ ಲಿಮಿಟರ್‌ನ ರೇಷಿಯೋ (ಮಿತಿ ದಾಟಿದ ಭಾಗವನ್ನು ಎಷ್ಟು ಕುಗ್ಗಿಸುತ್ತದೆ ಅನ್ನುವುದು) ಕಡಿಮೆ ಇದೆ, ಅದನ್ನು 10ಕ್ಕೆ 1ರ ಮೇಲೆ ಒಯ್ಯಿರಿ. 63 ವೋಲ್ಟ್ ಕೈಗೆ ಶಾಕ್ ಹೊಡೆಯುವ ವೋಲ್ಟೇಜ್. ಬರಿ ಪಿನ್ ಮುಟ್ಟಬೇಡಿ. ಮೀಟರ್ ಕಡ್ಡಿ ಜಾರಿ ಎರಡು ಪಿನ್‌ಗೂ ಒಟ್ಟಿಗೆ ತಾಗಿದರೆ ಅದೇ ಶಾರ್ಟ್. ಪರೀಕ್ಷೆ ಮುಗಿದ ಮೇಲೆ ಟೋನ್ ನಿಲ್ಲಿಸಿ, ಮಾಸ್ಟರ್ ಪೂರ್ತಿ ಇಳಿಸಿ, ಆಂಪ್ ಆಫ್ ಮಾಡಿದ ನಂತರವೇ ಸ್ಪೀಕರ್ ಕೇಬಲ್ ವಾಪಸ್ ಸಿಕ್ಕಿಸಿ.